ಯಾವ ಹೊತ್ತಿಗೆ ಜಾಸ್ತಿ ನೋಯುತ್ತದೆ?

ಜೂನ್ 14

ಪ್ರೀತಿಯ ಅತ್ತೆಗೆ,

ನೀನು ಕಳಿಸಿದ ನೀಲಿ ಬಟ್ಟೆ ನಿನ್ನೆ ತಲುಪಿತು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕಡೆ ಜಗ್ಗಿ ನೋಡಿ, ನಿಮ್ಮತ್ತೆ ನೇಯ್ದ ಬಟ್ಟೆಯೂ ಅವಳ ಹಾಗೇ, ಎಳೆದಷ್ಟೂ ಗಟ್ಟಿ ಎಂದಳು. ಇದು ಹೊಗಳಿಕೆಯೋ ಬೈಗುಳವೋ ನೀನೇ ತೀರ್ಮಾನ ಮಾಡಿಕೋ.

ಶಾಲೆ ಶುರುವಾಗಿ ಎರಡು ವಾರವಾಯಿತು. ನಾನೀಗ ಒಂಬತ್ತನೇ ತರಗತಿ. ನಮ್ಮ ಕೋಣೆ ಮೂರನೇ ಮಹಡಿಯಲ್ಲಿದೆ. ಗಣಿತಕ್ಕೆ ಹೊಸ ಮೇಷ್ಟ್ರು ಬಂದಿದ್ದಾರೆ. ಸೀಮೆಸುಣ್ಣವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುತ್ತಾರಂತೆ. ತರಗತಿಯೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತದಂತೆ.

ಮಾರ್ಚ್ ತಿಂಗಳ ರಿಲೇ ಓಟದಲ್ಲಿ ಬಿದ್ದು ಬಲಗಾಲು ಉಳುಕಿಸಿಕೊಂಡಿದ್ದೆನಲ್ಲ, ಅದು ಇನ್ನೂ ಸ್ವಲ್ಪ ನೋಯುತ್ತದೆ. ಸ್ವಲ್ಪ ಅಷ್ಟೆ. ಅಪ್ಪ ಎಂದಿನಂತೆ ಫ್ರಿಜ್ ರಿಪೇರಿಗೆ ಊರೆಲ್ಲ ಸುತ್ತುತ್ತಾರೆ. ಅಮ್ಮನಿಗೆ ಔಷಧದ ಅಂಗಡಿಯಲ್ಲಿ ಬೆಳಗಿನ ಪಾಳಿ. ಹಗಲೆಲ್ಲ ಮನೆ ಎಷ್ಟು ನಿಶ್ಶಬ್ದ ಎಂದರೆ ಮೇಲಿನ ಮನೆಯವರ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತದೆ.

ನೀನು ಫೋನ್ ಯಾಕೆ ಎತ್ತುವುದಿಲ್ಲ? ಅಪ್ಪ ಮೂರು ಸಲ ಮಾಡಿದರು. ಎತ್ತಿದಾಗಲೂ ಬರೀ ಹೂಂ, ಹೂಂ ಎಂದು ಇಟ್ಟುಬಿಟ್ಟೆಯಂತೆ.

ನಿನ್ನ,
ಕೊಕ್ಕರೆ


ಜೂನ್ 25

ನನ್ನ ಉದ್ದಗಾಲಿನ ಕೊಕ್ಕರೆಗೆ,

ನಿಮ್ಮಮ್ಮನ ಮಾತನ್ನು ಹೊಗಳಿಕೆ ಎಂದೇ ಬರೆದುಕೊಂಡಿದ್ದೇನೆ. ಅವಳಿಗೆ ಹಾಗೆಂದು ಹೇಳು, ಮುಖ ನೋಡು.

ಇಲ್ಲಿಯ ಫೋನಿನ ಕತೆ ಕೇಳಬೇಡ. ಗಿರಣಿಯ ಹಾಸ್ಟೆಲಿನ ಗೋಡೆಗಳು ದಪ್ಪ. ಒಂದು ಮಾತು ಒಳಗೆ ಬಂದರೆ ನಾಲ್ಕು ಮಾತು ಹೊರಗೇ ಉಳಿಯುತ್ತವೆ. ನಮ್ಮಿಬ್ಬರಿಗೆ ಕಾಗದವೇ ವಾಸಿ.

ಗಿರಣಿಯಲ್ಲಿ ನನಗೆ ಬಡ್ತಿ ಸಿಕ್ಕಿದೆ. ಇಪ್ಪತ್ತನಾಲ್ಕು ಮಗ್ಗಗಳ ಸಾಲು ಈಗ ನನ್ನ ಕೈಕೆಳಗೆ. ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ವರು ಹುಡುಗಿಯರಿಗೆ ಕಲಿಸುವುದೂ ನನ್ನದೇ ಪಾಲು. ಮಗ್ಗಗಳ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಎಲ್ಲವೂ ಕೈಸನ್ನೆ. ಒಬ್ಬಳಿಗೆ ನೂಲು ಕಡಿದಿದೆ ಎಂದು ಸನ್ನೆ ಮಾಡಿದರೆ ಅವಳು ಊಟದ ಬಿಡುವು ಎಂದುಕೊಂಡು ಹೊರಟೇಬಿಟ್ಟಳು.

ಇನ್ನು ನಿನ್ನ ಕಾಲುನೋವು. ಓದಿ ನಗು ಬಂತು. ಶಾಲೆ ಶುರುವಾಗುವ ಹೊತ್ತಿಗೆ ಬರುವ ನೋವು ನಮ್ಮ ವಂಶದ ಆಸ್ತಿ. ನಿಮ್ಮಪ್ಪನಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು, ಶಾಲೆಯ ಗಂಟೆ ಹೊಡೆದು ಅರ್ಧ ಗಂಟೆಗೆ ಬಿಟ್ಟುಬಿಡುತ್ತಿತ್ತು. ನಾಲ್ಕು ದಿನ ಬೆಳಿಗ್ಗೆ ಬೇಗ ಎದ್ದು ಓಡು. ನೋವು ಬಾಲ ಮುದುರಿಕೊಂಡು ಹೋಗುತ್ತದೆ. ನಿನ್ನಂಥ ಓಟಗಾರ್ತಿ ಮೂರು ತಿಂಗಳಿಂದ ಕೂತಿದ್ದರೆ ಕಾಲಿಗೆ ಬೇಜಾರಾಗದೆ ಇನ್ನೇನಾಗುತ್ತದೆ?

ಬೇಗ ಬರೆ.

ನಿನ್ನ ಅತ್ತೆ


ಆಗಸ್ಟ್ 20

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ, ಆಮೇಲೆ ನೀವು ಹಾಕಿದ ಎರಡು ಕಾರ್ಡು ತಲುಪಿವೆ. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮಿಸಿ. ನಿಮಗೆ ಬಡ್ತಿ ಸಿಕ್ಕಿದ್ದು ಸಂತೋಷ. ನಾವೆಲ್ಲ ಕ್ಷೇಮ. ಶಾಲೆ ಚೆನ್ನಾಗಿ ನಡೆಯುತ್ತಿದೆ. ನೀವು ಹೇಳಿದಂತೆ ಓಡಿದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ನಿಮ್ಮ ತಮ್ಮನ ಮಗಳು


ಆಗಸ್ಟ್ 29

ಮಗಳೇ,

ನೀನು ಹುಟ್ಟಿದ ಮೇಲೆ ಎಂಟು ವರ್ಷ ನಿನ್ನ ಜಡೆ ಹೆಣೆದವಳು ನಾನು. ಒಂದು ದಿನವೂ ನನ್ನನ್ನು 'ನೀವು' ಎಂದವಳಲ್ಲ ನೀನು. ಈ ಕಾಗದದ ಆರೇಳು ಸಾಲಿನಲ್ಲಿ ಎಷ್ಟು ಸಲ ಅಂದಿದ್ದೀಯ ಎಂದು ಬೆರಳು ಮಡಚಿ ಎಣಿಸಿದೆ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ನಿನ್ನ ಜೂನ್ ತಿಂಗಳ ಕಾಗದವನ್ನು ತೆಗೆದು ಮತ್ತೆ ಓದಿದೆ. ಗಣಿತದ ಮೇಷ್ಟ್ರು ಸೀಮೆಸುಣ್ಣ ಹುಡುಕುತ್ತಾರಂತೆ, ತರಗತಿ ನಗುತ್ತದಂತೆ ಎಂದು ಬರೆದಿದ್ದೀಯ. ಕಣ್ಣಾರೆ ಕಂಡವರು 'ಅಂತೆ' ಎನ್ನುವುದಿಲ್ಲ. ಹಗಲು ಹೊತ್ತು ಮೇಲಿನ ಮನೆಯ ನಲ್ಲಿ ತೊಟ್ಟಿಕ್ಕುವುದು ಶಾಲೆಯಲ್ಲಿ ಕೂತವಳಿಗೆ ಕೇಳಿಸುವುದೂ ಇಲ್ಲ. ಇದೆಲ್ಲ ಆಗಲೇ ಕಣ್ಣಿಗೆ ಬೀಳಬೇಕಿತ್ತು. ನಾನು ನನ್ನ ತಮಾಷೆಯ ಅಮಲಿನಲ್ಲಿದ್ದೆ.

ಓಡು ಎಂದು ಬರೆದದ್ದು ತಪ್ಪು. ನೂರು ಮೈಲಿ ಆಚೆ ಕೂತು, ಕಾಲು ಮುಟ್ಟಿಯೂ ನೋಡದೆ ಹೇಳಿದ ಮಾತು. ಕ್ಷಮಿಸು ಎಂದು ಕೇಳಿದರೆ ನೀನು ಕ್ಷಮಿಸಲೇಬೇಕಾಗುತ್ತದೆ, ಹಾಗಾಗಿ ಈಗ ಕೇಳುವುದಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ. ಮಗ್ಗ ಕೆಟ್ಟಾಗಲೂ ನಾನು ಹುಡುಗಿಯರನ್ನು ಮೊದಲು ಇದನ್ನೇ ಕೇಳುವುದು, ಯಾವಾಗ ನಿಲ್ಲುತ್ತದೆ ಎಂದು. ಯಾವ ಹೊತ್ತಿಗೆ ಜಾಸ್ತಿ ನೋಯುತ್ತದೆ?

ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಹಾಳೆಯನ್ನಾದರೂ ಕಳಿಸು.

ಅತ್ತೆ


ಸೆಪ್ಟೆಂಬರ್ 9

ಅತ್ತೆ,

ಮೊದಲು ಖಾಲಿ ಹಾಳೆಯನ್ನೇ ಕವರಿಗೆ ಹಾಕಿದ್ದೆ. ಆಮೇಲೆ ತೆಗೆದೆ.

ಬೆಳಿಗ್ಗೆ ಜಾಸ್ತಿ. ಏಳೂಕಾಲಿಗೆ ಶಾಲೆಯ ಬಸ್ಸು ನಮ್ಮ ತಿರುವಿನಲ್ಲಿ ಹಾರನ್ ಹೊಡೆಯುತ್ತದೆ. ಅದಕ್ಕೆ ಅರ್ಧ ಗಂಟೆ ಮುಂಚಿನಿಂದಲೇ ಪಾದದಿಂದ ಸೊಂಟದವರೆಗೆ ಯಾರೋ ಬಿಸಿ ತಂತಿ ಎಳೆದ ಹಾಗೆ ಆಗುತ್ತದೆ. ಇದನ್ನು ನಾನು ಯಾವ ಡಾಕ್ಟರಿಗೂ ಹೇಳಿಲ್ಲ. ಇಡೀ ದಿನ ಒಂದೇ ಸಮ ಎಂದು ಸುಳ್ಳು ಹೇಳಿದ್ದೇನೆ. ನಿಜ ಹೇಳಿದರೆ, ಶಾಲೆ ತಪ್ಪಿಸೋಕೆ ನೋವು ಅನ್ನುತ್ತಾರೆ. ನೋವು ನಿಜ ಅತ್ತೆ. ಬಸ್ಸಿನ ಹೊತ್ತಿಗೆ ಜಾಸ್ತಿ ಎನ್ನುವುದೂ ನಿಜ. ಎರಡೂ ಒಟ್ಟಿಗೆ ನಿಜವಾಗಿರಬಹುದಾ?

ಕಾಲು ಉಳುಕಿದ್ದು ಮೂರು ವಾರಕ್ಕೆ ವಾಸಿಯಾಯಿತು. ಊತ ಇಳಿಯಿತು, ಪಟ್ಟಿ ಬಿಚ್ಚಿದರು. ನೋವು ಮಾತ್ರ ಉಳಿಯಿತು. ಆಮೇಲೆ ಮೊಣಕಾಲಿಗೆ ಹತ್ತಿತು, ಆಮೇಲೆ ಸೊಂಟಕ್ಕೆ. ಈಗ ಹೊದಿಕೆ ತಾಗಿದರೂ ಉರಿಯುತ್ತದೆ. ಕಾಲುಚೀಲ ಹಾಕಿಕೊಳ್ಳಲು ಆಗುವುದಿಲ್ಲ. ನಿನ್ನ ಕಾಗದ ಬಂದ ಮರುದಿನ ಅಮ್ಮ ಕೆಲಸಕ್ಕೆ ಹೋದ ಮೇಲೆ ನಿಜಕ್ಕೂ ಓಡಿದೆ. ರಸ್ತೆಯ ತುದಿಯ ಟೈರ್ ಅಂಗಡಿಯವರೆಗೆ ಹೋದೆ. ವಾಪಸ್ಸು ಬರಲು ಆಗಲಿಲ್ಲ. ಅಂಗಡಿಯವರು ಹಳೇ ಟೈರಿನ ಮೇಲೆ ಕೂರಿಸಿ ಅಮ್ಮನಿಗೆ ಫೋನ್ ಮಾಡಿದರು. ಅದಾದ ಮೇಲೆ ಹತ್ತು ದಿನ ಹಾಸಿಗೆ.

ಎಕ್ಸ್‌ರೇ ಎರಡು ಸಲ, ಸ್ಕ್ಯಾನ್ ಒಂದು ಸಲ, ರಕ್ತ ಎಷ್ಟು ಸಲವೋ. ಎಲ್ಲವೂ ಸರಿ ಇದೆಯಂತೆ. ಮೂರನೇ ಡಾಕ್ಟರು ಕಾಗದಗಳನ್ನು ಒಟ್ಟುಮಾಡಿ ಅಪ್ಪನ ಕೈಗೆ ಕೊಟ್ಟು, ಇದು ಮನಸ್ಸಿನದು, ಗಮನ ಬೇರೆ ಕಡೆ ಹರಿಸಿ ಎಂದರು. ನನ್ನ ಮುಖ ನೋಡಲಿಲ್ಲ. ಆ ಸಂಜೆ ಅಡುಗೆಮನೆಯಲ್ಲಿ ಅಪ್ಪ ಹೇಳಿದ್ದು ಗೋಡೆಯ ಈಚೆಗೆ ಕೇಳಿಸಿತು. "ಎಲ್ಲಾ ಸರಿ ಇದೆ ಅಂದ್ರೆ ಇವಳೇನು ನಾಟಕ ಆಡ್ತಿದಾಳಾ?" ಅಮ್ಮ, "ಮೆಲ್ಲಗೆ ಮಾತಾಡಿ" ಎಂದಳು. ಮೆಲ್ಲಗೆ ಎಂದಳೇ ಹೊರತು ಇಲ್ಲ ಎನ್ನಲಿಲ್ಲ.

ಶಾಲೆಯಲ್ಲೂ ಅದೇ ಮಾತಂತೆ. ರಿಲೇಯಲ್ಲಿ ನಾನು ಮೂರನೆಯವಳು. ನಾಲ್ಕನೆಯವಳ ಕೈಗೆ ಬ್ಯಾಟನ್ ದಾಟಿಸುವಾಗಲೇ ಬಿದ್ದದ್ದು. ಅವಳು ನನ್ನ ಜೀವದ ಗೆಳತಿ, ಒಂದೇ ಬೆಂಚು, ಆರು ವರ್ಷ. ಆ ಓಟ ಗೆದ್ದಿದ್ದರೆ ಅವಳಿಗೆ ದೊಡ್ಡ ತಂಡದಲ್ಲಿ ಜಾಗ ಸಿಗುತ್ತಿತ್ತು. ಮಾರ್ಚ್‌ನಿಂದ ಅವಳ ಒಂದು ಮಾತೂ ಇಲ್ಲ. ಗಣಿತದ ಮೇಷ್ಟ್ರ ವಿಷಯ ಹೇಳಿದ್ದು ಕೆಳಗಿನ ಮನೆಯ ಹುಡುಗಿ. ನಾನು ಈ ವರ್ಷ ಶಾಲೆಗೆ ಹೋದದ್ದು ಒಟ್ಟು ನಾಲ್ಕು ದಿನ. ಹೀಗೇ ಆದರೆ ವರ್ಷ ಹೋಗುತ್ತದೆ ಎಂದು ಮುಖ್ಯೋಪಾಧ್ಯಾಯರು ಚೀಟಿ ಕಳಿಸಿದ್ದಾರೆ.

ಹಗಲು ನಿದ್ದೆ ಮಾಡುತ್ತೇನೆ. ಎದ್ದರೆ ಅಳು ಬರುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ. ಈಚೆಗೆ ಕೆಲವು ದಿನ, ನಾಳೆ ಬೆಳಗಾಗುವುದೇ ಬೇಡ ಅನ್ನಿಸುತ್ತದೆ. ಇದನ್ನು ಅಪ್ಪ ಅಮ್ಮನಿಗೆ ಹೇಳಬೇಡ. ನಿನಗೊಬ್ಬಳಿಗೆ ಹೇಳಿದ್ದು.

ಕೊಕ್ಕರೆ ಎಂದು ಕರೆಯಬೇಡ. ಈಗ ಆ ಹೆಸರು ಕೇಳಲು ಆಗುವುದಿಲ್ಲ.


ಸೆಪ್ಟೆಂಬರ್ 13

ಮಗಳೇ,

ಎರಡೂ ಒಟ್ಟಿಗೆ ನಿಜವಾಗಿರಬಹುದು. ನಿನ್ನ ಒಂದೊಂದು ಮಾತನ್ನೂ ನಂಬುತ್ತೇನೆ.

ಆದರೆ ಒಂದು ಮಾತನ್ನು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಬೆಳಗಾಗುವುದೇ ಬೇಡ ಅನ್ನಿಸುತ್ತದೆ ಎಂದು ಹದಿನಾಲ್ಕರ ಹುಡುಗಿ ಬರೆದರೆ, ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಲು ನಾನು ಸಿದ್ಧಳಿಲ್ಲ. ನಿನ್ನೆ ಸಂಜೆಯೇ ನಿಮ್ಮಪ್ಪನಿಗೆ ಹೇಳಿದೆ. ಈ ಕಾಗದ ಸೇರುವ ಹೊತ್ತಿಗೆ ನಿನಗೆ ಅದು ಗೊತ್ತಾಗಿರುತ್ತದೆ. ಸಿಟ್ಟು ಮಾಡಿಕೋ. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬದುಕಿರು, ನನಗೆ ಅಷ್ಟು ಸಾಕು.

ಹೇಗೆ ಹೇಳಿದೆ ಎಂದು ಕೇಳುತ್ತೀಯ. ಹಾಸ್ಟೆಲಿನ ಗೋಡೆ ದಪ್ಪ ಎಂದು ನಾನು ಹೇಳಿದ್ದು ಸುಳ್ಳು. ಗೋಡೆ ಸರಿಯಾಗಿಯೇ ಇದೆ, ಹೋಗಿರುವುದು ನನ್ನ ಕಿವಿ. ಆರು ವರ್ಷ ಮಗ್ಗಗಳ ನಡುವೆ ನಿಂತು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಜನರ ತುಟಿ ನೋಡಿ ಅಂದಾಜು ಮಾಡುತ್ತೇನೆ. ಫೋನಿಗೆ ತುಟಿ ಇಲ್ಲವಲ್ಲ. ಅದಕ್ಕೇ ಹೂಂ, ಹೂಂ. ಊರಿಗೆ ವಾಪಸ್ಸು ಬಾ ಎನ್ನುತ್ತಾರೆ, ಕೆಲಸ ಬಿಡಿಸುತ್ತಾರೆ ಎಂಬ ಹೆದರಿಕೆಗೆ ಯಾರಿಗೂ ಹೇಳಿರಲಿಲ್ಲ. ಇಲ್ಲಿಯ ಹುಡುಗಿಯರು ನನಗೆ ಜಂಬ ಎಂದುಕೊಂಡಿದ್ದಾರೆ. ಕರೆದರೆ ತಿರುಗುವುದಿಲ್ಲವಲ್ಲ ನಾನು.

ನಿನ್ನೆ ಹಾಜರಿ ಪುಸ್ತಕ ಬರೆಯುವ ಗುಮಾಸ್ತೆಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಫೋನಿನಲ್ಲಿ ನಾನು ಮಾತಾಡಿದೆ, ಅವಳು ಕೇಳಿಸಿಕೊಂಡು ನಿಮ್ಮಪ್ಪ ಅಂದದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದಳು. ನಿನ್ನ ಕಾಗದವನ್ನು ಮೊದಲಿಂದ ಕೊನೆಯವರೆಗೂ ಓದಿದೆ, ಅಡುಗೆಮನೆಯ ಮಾತನ್ನೂ ಬಿಡಲಿಲ್ಲ. ಆಮೇಲೆ ಅವಳ ಪೆನ್ಸಿಲ್ ಸುಮಾರು ಹೊತ್ತು ಆಡಲೇ ಇಲ್ಲ. ಏನಂತಾನೆ ಎಂದು ಕೇಳಿದೆ. "ಏನೂ ಅಂತಿಲ್ಲ. ಅಳ್ತಿದಾರೆ ಅನ್ಸುತ್ತೆ" ಎಂದು ಬರೆದಳು. ಕೊನೆಗೆ ಬರೆದದ್ದು ಎರಡೇ ಶಬ್ದ, "ಆಯ್ತು ಅಕ್ಕ."

ನಿನ್ನನ್ನು ಒಬ್ಬಳನ್ನೇ ಬಿಡಬೇಡಿ ಎಂದು ಹೇಳಿದ್ದೇನೆ. ನಿಮ್ಮಮ್ಮನಿಗೆ ಊರಿನ ಡಾಕ್ಟರುಗಳೆಲ್ಲ ಗೊತ್ತು. ನೋವನ್ನು ನಂಬುವ ಒಬ್ಬರನ್ನು ಹುಡುಕಲು ಹೇಳು ಎಂದೂ ಹೇಳಿದ್ದೇನೆ.

ಪ್ರತಿ ಸೋಮವಾರ ನಿನಗೆ ಒಂದು ಕಾರ್ಡು ಹಾಕುತ್ತೇನೆ. ಉತ್ತರ ಬರೆಯಬೇಕಾಗಿಲ್ಲ.

ಅತ್ತೆ


ಅಕ್ಟೋಬರ್ 2

ಅತ್ತೆ,

ಎರಡು ದಿನ ನಿನ್ನ ಕಾಗದವನ್ನು ಹರಿದು ಹಾಕಬೇಕು ಅನ್ನಿಸಿತ್ತು. ಹರಿಯಲಿಲ್ಲ, ಮಡಿಸಿ ಮಂಚದ ಕಾಲಿನ ಕೆಳಗೆ ತುರುಕಿದೆ. ಈಗ ಹೊರಗಿದೆ.

ನೀನು ಫೋನ್ ಮಾಡಿದ ಸಂಜೆ ಅಪ್ಪ ಬಂದು ಮಂಚದ ತುದಿಯಲ್ಲಿ ಕೂತರು. ಜೇಬಿನಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ಸುಮಾರು ಹೊತ್ತು ಅದರ ಹಿಡಿಯನ್ನೇ ತಿರುಗಿಸುತ್ತಿದ್ದರು. ಆಮೇಲೆ ಹೇಳಿದರು. "ಹತ್ತೊಂಬತ್ತು ವರ್ಷದಿಂದ ಕೆಟ್ಟಿರೋ ಭಾಗ ಹುಡುಕ್ಕೊಂಡೇ ಬಂದಿದೀನಿ. ನಿನ್ನಲ್ಲಿ ಅದು ಸಿಗಲಿಲ್ಲ. ನನ್ನ ಕೈಲಾಗ್ಲಿಲ್ಲ ಅನ್ನೋ ಸಿಟ್ಟನ್ನ ನಿನ್ನ ಮೇಲೆ ಹಾಕ್ದೆ." ನಾನು ಕಾಲು ಸ್ವಲ್ಪ ಪಕ್ಕಕ್ಕೆ ಇಟ್ಟುಕೊಂಡೆ, ಅವರಿಗೆ ಕೂರಲು ಜಾಗ ಆಗಲಿ ಎಂದು. ಅಮ್ಮ ಬೆಳಗಿನ ಪಾಳಿ ಬಿಟ್ಟು ಸಂಜೆಯ ಪಾಳಿಗೆ ಹೋಗುತ್ತಿದ್ದಾಳೆ. ಅಪ್ಪ ಸಂಜೆ ಮನೆಯಲ್ಲಿರುತ್ತಾರೆ.

ಅಂಗಡಿಗೆ ಬರುವ ನರ್ಸ್ ಒಬ್ಬರನ್ನು ಕೇಳಿ ಅಮ್ಮ ಮಕ್ಕಳ ಆಸ್ಪತ್ರೆಯಲ್ಲಿ ನೋವಿನ ವಿಭಾಗ ಇರುವುದನ್ನು ಪತ್ತೆ ಮಾಡಿದಳು. ಅಲ್ಲಿಯ ಡಾಕ್ಟರು ಕುಳ್ಳಗಿದ್ದಾರೆ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ. ಮುಕ್ಕಾಲು ಗಂಟೆ ನನ್ನೊಬ್ಬಳ ಹತ್ತಿರವೇ ಮಾತಾಡಿದರು. ಬಸ್ಸಿನ ಹಾರನ್ ವಿಷಯ ಹೇಳಿಬಿಟ್ಟೆ. ಬೆಳಗಾಗುವುದು ಬೇಡ ಅನ್ನಿಸುವುದನ್ನೂ ಅವರೇ ನೇರವಾಗಿ ಕೇಳಿದರು, ಹೇಳಿದೆ. ಅವರು ಬೆಚ್ಚಿಬೀಳಲಿಲ್ಲ. "ನೀನು ಹೇಳಿದ್ದೆಲ್ಲ ನಂಬ್ತೀನಿ. ಇಲ್ಲಿ ಯಾರಿಗೂ ನೀನು ಸಾಬೀತು ಮಾಡ್ಬೇಕಾಗಿಲ್ಲ" ಎಂದರು. ಅಲ್ಲಿ ಅತ್ತದ್ದು ಬೇರೆ ಥರ ಇತ್ತು.

ಆಮೇಲೆ ಅಪ್ಪ ಅಮ್ಮನನ್ನು ಒಳಗೆ ಕರೆದರು. ಗಾಯ ಮಾಯ್ದರೂ ನರಗಳು ಎಚ್ಚರಿಕೆ ಕೊಡುವುದನ್ನು ನಿಲ್ಲಿಸುವುದಿಲ್ಲ ಕೆಲವರಲ್ಲಿ, ಅದು ಯಾವ ಸ್ಕ್ಯಾನಿನಲ್ಲೂ ಕಾಣಿಸುವುದಿಲ್ಲ ಎಂದರು. ಅಪ್ಪ ಕುರ್ಚಿಯ ತುದಿಗೆ ಬಂದು, ಹಾಗಾದರೆ ಯಂತ್ರ ಸರಿ ಇದೆ, ಸೆನ್ಸರ್ ತಪ್ಪು ಹೇಳುತ್ತಿದೆ ಅನ್ನಿ ಎಂದರು. ಡಾಕ್ಟರು, ತಪ್ಪು ಹೇಳುತ್ತಿಲ್ಲ, ಜಾಸ್ತಿ ಕೂಗುತ್ತಿದೆ, ಹೆದರಿಕೆ, ದುಃಖ, ನಿದ್ದೆಗೇಡು ಎಲ್ಲ ಸೇರಿ ಅದರ ದನಿ ಏರಿಸಿವೆ ಎಂದರು. ನೋವಿನಿಂದ ದುಃಖವೋ ದುಃಖದಿಂದ ನೋವೋ ಎಂದು ನಾನು ಕೇಳಿದೆ. ಯಾವುದು ಮೊದಲು ಬಂತು ಎಂದು ಜಗಳ ಬೇಡ, ಎರಡನ್ನೂ ಒಟ್ಟಿಗೇ ನೋಡಿಕೊಳ್ಳೋಣ ಎಂದರು.

ಈಗ ವಾರಕ್ಕೆ ಮೂರು ದಿನ ಆಸ್ಪತ್ರೆ. ಕಸರತ್ತಿನ ಅಕ್ಕ ಒಬ್ಬರಿದ್ದಾರೆ. ಮೊದಲು ಹತ್ತಿ, ಆಮೇಲೆ ಟವೆಲು, ಆಮೇಲೆ ಒರಟು ಬ್ರಷ್ಷು, ಹೀಗೆ ಕಾಲಿಗೆ ಮುಟ್ಟಿಸಿ ಅಭ್ಯಾಸ ಮಾಡಿಸುತ್ತಾರೆ. ದಿನಕ್ಕೆ ಎರಡು ನಿಮಿಷ ನಿಲ್ಲುವುದು. ನೋವು ಕಡಿಮೆ ಇದ್ದರೂ ಎರಡೇ ನಿಮಿಷ, ಜಾಸ್ತಿ ಇದ್ದರೂ ಎರಡು ನಿಮಿಷ. ಗುರುವಾರ ಮಾತಿನ ಡಾಕ್ಟರು, ಎಂದರೆ ಮನಸ್ಸಿನ ಡಾಕ್ಟರು. ಮೊದಲ ಗುರುವಾರ ನಾನು ಕಿಟಕಿ ನೋಡುತ್ತ ಕೂತೆ, ಅವರೂ ಕಿಟಕಿ ನೋಡುತ್ತ ಕೂತರು. ಎರಡನೇ ಗುರುವಾರ ನನಗೇ ಪಾಪ ಅನ್ನಿಸಿತು, ಮಾತಾಡಿದೆ.

ನಿನ್ನ ಕಿವಿಯ ವಿಷಯ ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ಪರೀಕ್ಷೆ ಮಾಡಿಸಿದೆಯಾ?

ನಿನ್ನ ಸೊಸೆ


ಅಕ್ಟೋಬರ್ 12

ನನ್ನ ಸೊಸೆಗೆ,

ಕಾಗದವನ್ನು ಗುಮಾಸ್ತೆಗೂ ಓದಲು ಕೊಟ್ಟೆ. ಆ ದಿನದಿಂದ ಅವಳು ಸಿಕ್ಕಾಗಲೆಲ್ಲ ನಿನ್ನನ್ನೇ ಕೇಳುತ್ತಾಳೆ. ಎರಡು ನಿಮಿಷದ ಕತೆ ಓದಿ ಅವಳು ಗಡಿಯಾರ ನೋಡಿಕೊಂಡು ಎರಡು ನಿಮಿಷ ಸುಮ್ಮನೆ ನಿಂತು ನೋಡಿದಳು. ಅಬ್ಬಾ, ಇಷ್ಟು ಉದ್ದವಾ ಎಂದಳು.

ನಿಮ್ಮಪ್ಪನೂ ಬರೆದಿದ್ದಾನೆ. ಬರೆಯಲು ಕಲಿತ ಮೂವತ್ತು ವರ್ಷದಲ್ಲಿ ನನಗೆ ಅವನು ಬರೆದ ಮೊದಲ ಕಾಗದ. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಅವನೇನು ಬರೆದ ಎಂದು ಹೇಳುವುದಿಲ್ಲ, ಒಂದು ಗುಟ್ಟು ಬಿಟ್ಟುಕೊಟ್ಟದ್ದೇ ಸಾಕು.

ಕಿವಿ ಪರೀಕ್ಷೆ ಮುಂದಿನ ತಿಂಗಳು ನೋಡೋಣ. ಈಗ ಗಿರಣಿಯಲ್ಲಿ ಕೆಲಸ ಜಾಸ್ತಿ.

ಅತ್ತೆ


ನವೆಂಬರ್ 24

ಅತ್ತೆ,

ಎಲ್ಲ ಮುಗಿಯಿತು ಅನ್ನಿಸುತ್ತಿದೆ.

ನವೆಂಬರ್ ಹತ್ತರಿಂದ ದಿನಕ್ಕೆ ಎರಡು ಪೀರಿಯಡ್ ಶಾಲೆಗೆ ಹೋಗುವುದು ಎಂದಾಗಿತ್ತು. ನಮ್ಮ ತರಗತಿಯನ್ನು ನನಗೋಸ್ಕರ ಕೆಳಗಿನ ಮಹಡಿಗೆ ತಂದಿದ್ದರು. ಮೊದಲ ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ನೋವು ತುಂಬ ಕಡಿಮೆ ಇತ್ತು. ಯಾರೋ ಹಿಂದಿನ ಬೆಂಚಿನಲ್ಲಿ, "ಬೇಕಾದಾಗ ನೋವು, ಬೇಡದಾಗ ಇಲ್ಲ" ಎಂದದ್ದು ಕೇಳಿಸಿತು. ತೋರಿಸಿಕೊಡುತ್ತೇನೆ ಎಂದು ಇಡೀ ದಿನ ಕೂತೆ. ಮೆಟ್ಟಿಲು ಹತ್ತಿ ಪ್ರಯೋಗಶಾಲೆಗೂ ಹೋದೆ.

ಮರುದಿನದಿಂದ ಹಾಸಿಗೆ. ಹತ್ತು ದಿನವಾಯಿತು. ಮತ್ತೆ ಹೊದಿಕೆ ಉರಿಯುತ್ತಿದೆ. ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಏನೂ ಕೇಳುವುದಿಲ್ಲ. ಮಾತಿನ ಡಾಕ್ಟರಿಗೆ ಎಲ್ಲ ಹೇಳಿದ್ದೇನೆ, ಹಾಗಾಗಿ ಆ ವಿಷಯಕ್ಕೆ ನೀನು ಹೆದರಬೇಡ, ಫೋನ್ ಮಾಡಿಸಬೇಡ. ನಾನು ಎರಡು ತಿಂಗಳು ಮಾಡಿದ್ದೆಲ್ಲ ನೀರಿಗೆ ಹೋಯಿತಲ್ಲ ಎನ್ನುವುದಷ್ಟೇ ಬೇಜಾರು.


ಡಿಸೆಂಬರ್ 3

ಮಗಳೇ,

ಕಿವಿಯ ವಿಷಯಕ್ಕೆ ನಿನಗೆ ಇನ್ನೊಂದು ಸುಳ್ಳು ಹೇಳಿದ್ದೆ. ಕೆಲಸ ಜಾಸ್ತಿ ಏನೂ ಇರಲಿಲ್ಲ, ಹೆದರಿಕೆ ಜಾಸ್ತಿ ಇತ್ತು. ನಿನ್ನ ಕಾಗದ ಬಂದ ದಿನ ಗುಮಾಸ್ತೆ ನನ್ನ ತೋಳು ಹಿಡಿದು ಎಳೆದುಕೊಂಡೇ ಹೋದಳು. ಹುಡುಗಿಗೆ ಧೈರ್ಯ ಹೇಳುವ ಮೊದಲು ನೀವು ನಡೀರಿ ಎಂದು ಅವಳ ವಾದ.

ಕಿವಿಗೆ ಯಂತ್ರ ಕೊಟ್ಟಿದ್ದಾರೆ. ಹಾಕಿಕೊಂಡ ತಕ್ಷಣ ಎಲ್ಲ ಸುಸೂತ್ರ ಎಂದುಕೊಂಡಿದ್ದೆ. ನನ್ನ ಚಪ್ಪಲಿಯ ಸದ್ದಿಗೆ ನಾನೇ ಹಾರಿಬಿದ್ದೆ. ಕಾಗದ ಮಡಿಸಿದರೆ ತಗಡು ಹರಿದ ಹಾಗೆ. ಊಟದ ಕೋಣೆಯಲ್ಲಿ ಎಪ್ಪತ್ತು ತಟ್ಟೆಗಳ ಸದ್ದು ಒಟ್ಟಿಗೆ ಬಂದಾಗ ತಲೆ ಸಿಡಿಯಿತು. ಮೊದಲ ದಿನವೇ ಇಡೀ ಪಾಳಿ ಹಾಕಿಕೊಂಡಿದ್ದೆ, ನಿನ್ನ ಹಾಗೆಯೇ, ತೋರಿಸಿಕೊಡಲು. ಸಂಜೆ ವಾಂತಿಯಾಗಿ ಮಲಗಿದೆ. ಯಂತ್ರವನ್ನು ತೆಗೆದು ಬಟ್ಟೆಗಳ ಅಡಿಗೆ ಎಸೆದೆ.

ಪರೀಕ್ಷೆ ಮಾಡಿದವರ ಹತ್ತಿರ ಹೋಗಿ ಜಗಳವಾಡಿದೆ. ಅವರು ನಕ್ಕು, ಎಷ್ಟು ವರ್ಷ ಕೇಳಿಸಿಕೊಳ್ಳದೆ ಇದ್ದಿರಿ, ತಲೆಗೆ ಎಷ್ಟು ದಿನ ಕೊಟ್ಟಿರಿ ಎಂದು ಕೇಳಿದರು. ದಿನಕ್ಕೆ ಅರ್ಧ ಗಂಟೆ, ಕೋಣೆಯಲ್ಲಿ ಒಬ್ಬಳೇ ಇದ್ದಾಗ, ಎಂದು ಬರೆದುಕೊಟ್ಟರು. ನಿನ್ನ ಕಸರತ್ತಿನ ಅಕ್ಕನಿಗೂ ಇವರಿಗೂ ಏನಾದರೂ ಸಂಬಂಧವಿದೆಯಾ ಕೇಳು.

ನೀರಿಗೆ ಹೋಯಿತು ಎನ್ನುತ್ತೀಯ. ಜುಲೈನಲ್ಲಿ ನೀನು ಓಡಿ ಹಾಸಿಗೆ ಹಿಡಿದಾಗ ಯಾರಿಗೂ ಏನೂ ಗೊತ್ತಿರಲಿಲ್ಲ. ಈ ಸಲ ಯಾಕೆ ಹಾಸಿಗೆ ಹಿಡಿದೆ ಎಂದು ನೀನೇ ನಾಲ್ಕು ಸಾಲಿನಲ್ಲಿ ಬರೆದಿದ್ದೀಯ. ಯಾರಿಗೆ ಹೇಳಬೇಕೋ ಅವರಿಗೆ ಹೇಳಿ, ಆಮೇಲೆ ನನಗೆ ಹೇಳಿದ್ದೀಯ. ಅಷ್ಟು ದೂರ ನಡೆದಿದ್ದೀಯ, ಹಾಸಿಗೆಯಲ್ಲಿ ಮಲಗಿಯೇ.

ಹಿಂದಿನ ಬೆಂಚಿನವರಿಗೆ ತೋರಿಸಿಕೊಡಲು ಇಬ್ಬರೂ ಹೋಗುವುದು ಬೇಡ. ನೀನು ಎರಡು ನಿಮಿಷಕ್ಕೆ ವಾಪಸ್ಸು ಹೋಗು, ನಾನು ಅರ್ಧ ಗಂಟೆಗೆ ಹೋಗುತ್ತೇನೆ.

ಅತ್ತೆ


ಫೆಬ್ರವರಿ 8

ಅತ್ತೆ,

ಈ ಸಲ ತಡವಾದದ್ದಕ್ಕೆ ಸಿಟ್ಟು ಕಾರಣವಲ್ಲ. ನೋವು ಕೂಡ ಅಲ್ಲ. ಹೋಮ್‌ವರ್ಕ್ ಕಾರಣ. ಇದನ್ನು ಬರೆಯುವಾಗ ಎಷ್ಟು ಖುಷಿಯಾಗುತ್ತಿದೆ ಎಂದರೆ ನಿನಗೆ ನಂಬಿಕೆ ಬರಲಿಕ್ಕಿಲ್ಲ.

ಆರು ವಾರದಿಂದ ದಿನಾ ಅರ್ಧ ದಿನ ಶಾಲೆ. ಮಧ್ಯೆ ತಪ್ಪಿದ್ದು ಐದೇ ದಿನ. ಬಸ್ಸಿನ ಬದಲು ಅಪ್ಪ ತಮ್ಮ ರಿಪೇರಿ ವ್ಯಾನಿನಲ್ಲಿ ಬಿಡುತ್ತಾರೆ, ಪಕ್ಕದಲ್ಲಿ ಯಾರದೋ ಫ್ರಿಜ್ಜಿನ ಬಾಗಿಲು, ನಡುವೆ ನಾನು. ಪರೀಕ್ಷೆಯನ್ನು ಎರಡು ಕಂತಿನಲ್ಲಿ ಬರೆಯಲು ಒಪ್ಪಿದ್ದಾರೆ. ಮಾರ್ಚ್‌ನಲ್ಲಿ ನಾಲ್ಕು ವಿಷಯ, ಉಳಿದದ್ದು ಜೂನ್‌ನಲ್ಲಿ. ವರ್ಷ ಹೋಗುವುದಿಲ್ಲ.

ಗಣಿತದ ಮೇಷ್ಟ್ರನ್ನು ಕಣ್ಣಾರೆ ಕಂಡೆ. ಸೀಮೆಸುಣ್ಣ ಹುಡುಕುತ್ತಾರೆ.

ನಾಲ್ಕನೇ ಓಟಗಾರ್ತಿಯ ಹತ್ತಿರ ಮಾತಾಡಿದೆ. ಮಾತಿನ ಡಾಕ್ಟರ ಜೊತೆ ಮೂರು ಗುರುವಾರ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಎಲ್ಲಾ ಮರೆತುಹೋಯಿತು. ಕೈ ತೊಳೆಯುವ ನಲ್ಲಿಯ ಹತ್ತಿರ ಅವಳು ಸಿಕ್ಕಾಗ, ಬ್ಯಾಟನ್ ಬಿದ್ದದ್ದಕ್ಕೆ ಸಿಟ್ಟಾ ಎಂದಷ್ಟೇ ಕೇಳಿದೆ. ಅವಳು ನಲ್ಲಿ ನಿಲ್ಲಿಸಿದಳು. "ಅದಕ್ಕಲ್ಲ. ಎರಡು ಸಲ ನಿಮ್ಮನೆಗೆ ಬಂದಿದ್ದೆ. ಬೆಲ್ ಮಾಡ್ದೆ. ನೀನು ಒಳಗೇ ಇದ್ದೆ, ಕೆಮ್ಮಿದ್ದು ಕೇಳಿಸ್ತು. ಬಾಗಿಲು ತೆಗೀಲಿಲ್ಲ."

ಅತ್ತೆ, ಆ ಬೆಲ್ ನನಗೆ ನೆನಪಿದೆ. ಎರಡು ಸಲವೂ ನೆನಪಿದೆ. ಬಾಗಿಲಿನವರೆಗೆ ನಡೆಯಲು ಆಗಿರಲಿಲ್ಲ, ಯಾರೋ ಮಾರಲು ಬಂದವರು ಇರಬೇಕು ಎಂದು ಸುಮ್ಮನಿದ್ದೆ. ಹಾಗೆಂದು ಹೇಳಿದೆ. ಅವಳು ಮರುದಿನ ತನ್ನ ಬೆಂಚಿನಲ್ಲಿ ಬ್ಯಾಗನ್ನು ಪಕ್ಕಕ್ಕೆ ಸರಿಸಿದಳು. ಮೊದಲಿನ ಹಾಗೆ ಇನ್ನೂ ಆಗಿಲ್ಲ. ಕೆಲವು ದಿನ ಇಬ್ಬರಿಗೂ ಮಾತು ಸಿಗುವುದಿಲ್ಲ, ಆದರೂ ಕೂರುತ್ತೇವೆ.

ನೋವು ಹೋಗಿಲ್ಲ. ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಈಗ ನಾಲ್ಕು, ಕೆಲವು ದಿನ ಆರು. ಬೆಳಿಗ್ಗೆ ಈಗಲೂ ಜಾಸ್ತಿ. ಆದರೆ ಬೆಳಗಾಗುವುದು ಬೇಡ ಎಂದು ಅನ್ನಿಸಿ ಎರಡು ತಿಂಗಳ ಮೇಲಾಯಿತು. ಮೊನ್ನೆ ಅದನ್ನು ಅಮ್ಮನಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು, ಎಷ್ಟು ಹೆಚ್ಚಿದಳೆಂದರೆ ಎರಡು ದಿನ ಅದನ್ನೇ ತಿಂದೆವು.

ಇಲ್ಲಿಂದ ಮುಂದಿನದನ್ನು ಅಂಚೆ ಕಚೇರಿಯಲ್ಲಿ ಬರೆಯುತ್ತಿದ್ದೇನೆ. ಈ ತಿಂಗಳ ನನ್ನ ನಡಿಗೆಯ ಪಾಲು ಹತ್ತು ನಿಮಿಷ. ಲೆಕ್ಕ ಹಾಕಿದರೆ ಸರಿಯಾಗಿ ಇಲ್ಲಿಗೆ ಬರುತ್ತದೆ. ಒಬ್ಬಳೇ ಬಂದೆ. ವಾಪಸ್ಸು ಕರೆದುಕೊಂಡು ಹೋಗಲು ಅಮ್ಮ ಬರುತ್ತಾಳೆ. ಸಾಲು ಬಾಗಿಲಿನವರೆಗೆ ಇತ್ತು. ಐದಾರು ಜನ ಮುಂದೆ ಇರುವಾಗ ಮೊಣಕಾಲು ನಡುಗತೊಡಗಿತು. ಗೋಡೆಯ ಹತ್ತಿರ ಒಂದು ಖಾಲಿ ಕುರ್ಚಿ ಇತ್ತು. ನನ್ನ ಹಿಂದೆ ಒಬ್ಬ ಅಜ್ಜಿ ನಿಂತಿದ್ದರು. ಅವರನ್ನು ನೋಡಿ ನಾನು ಹಿಂಜರಿದೆ. ಇಷ್ಟು ದೊಡ್ಡ ಹುಡುಗಿ, ಕಾಲಿಗೆ ಪಟ್ಟಿ ಇಲ್ಲ, ಕೈಯಲ್ಲಿ ಕೋಲಿಲ್ಲ, ನೋಡಿದವರು ಏನಂದುಕೊಳ್ಳುತ್ತಾರೆ. ಕೊನೆಗೆ, "ಅಜ್ಜಿ, ನಿಮಗೆ ಕುರ್ಚಿ ಬೇಕಾ?" ಎಂದು ಕೇಳಿದೆ. "ನಂಗ್ಯಾಕೆ, ನಾನು ಗಟ್ಟಿಯಾಗಿದೀನಿ. ನಿಂಗೆ ಬೇಕಾದ್ರೆ ಕೂತ್ಕೋ, ನಿನ್ನ ಜಾಗ ನಾನು ಹಿಡ್ಕೊಂಡಿರ್ತೀನಿ" ಎಂದರು.

ನನ್ನ ಕಾಲಿನ ಕತೆ ಬಾಯಿಯವರೆಗೆ ಬಂದಿತ್ತು, ಮಾರ್ಚ್, ಓಟ, ಸ್ಕ್ಯಾನು, ಎಲ್ಲ. ಹೇಳಲಿಲ್ಲ. ಸುಮ್ಮನೆ ಹೋಗಿ ಕೂತೆ. ಕೂತೇ ಇದನ್ನು ಬರೆಯುತ್ತಿದ್ದೇನೆ. ಅಜ್ಜಿ ಕೈ ಬೀಸಿ ಕರೆಯುತ್ತಿದ್ದಾರೆ, ನನ್ನ ಸರದಿ ಬಂತು.